ಊಟ ಬದಲಿಸೋದಾ, ನಡೆಯೋದಾ? ತೂಕ ಇಳಿಸಲು ಹೊರಟ ನಮ್ಮೂರಿನವರಿಗೆ ಒಂದು ಹೋಲಿಕೆ

ನನ್ನ ಅಣ್ಣ ಇಪ್ಪತ್ತು ವರ್ಷ ಗಲ್ಫಿನಲ್ಲಿ ಗಾಡಿ ಓಡಿಸಿ ಹೋದ ವರ್ಷ ಊರಿಗೆ ಬಂದ. ಬಂದಾಗ ತೂಕ 82 ಕಿಲೋ. ಮರುವಾರವೇ ಬೆಳಗ್ಗೆ ಆರಕ್ಕೆ ಎದ್ದು ನಡೆಯಲು ಶುರು ಮಾಡಿದ. ಮನೆಯಿಂದ ಬದಿಯಡ್ಕ ಪೇಟೆಗೆ ಮೂರು ಕಿಲೋಮೀಟರ್, ವಾಪಸ್ಸು ಮೂರು. ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಇಳಿದದ್ದು ಒಂದೂವರೆ ಕಿಲೋ. ಅದೇ ನಾಲ್ಕು ತಿಂಗಳಲ್ಲಿ, ಮೊಣಗಂಟು ನೋವಿನಿಂದ ಅಂಗಳ ದಾಟದ ನಮ್ಮ ಅಮ್ಮ ನಾಲ್ಕು ಕಿಲೋ ಇಳಿದರು.

ಅಣ್ಣನಿಗೆ ಬೇಜಾರಾಯಿತು. "ಬೆವರು ಸುರಿಸಿದ್ದು ನಾನು, ಇಳಿದದ್ದು ಅಮ್ಮನ ತೂಕ. ಇದೆಂಥ ಲೆಕ್ಕ?" ಅಂತ ಕೇಳಿದ. ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಬೇಕು ಅಂತ ನನಗೆ ಅನಿಸಿತು. ಇನ್ನೊಂದು ಕಾರಣವೂ ಇದೆ. ಅಮ್ಮನಿಗೆ ಸಕ್ಕರೆ ಕಾಯಿಲೆ. ಒಂದು ಕ್ಲಿನಿಕ್ಕಿನಲ್ಲಿ ಅವರಿಗೆ ಕೊಟ್ಟ ಆಹಾರದ ಪಟ್ಟಿ ಮಲಯಾಳದಲ್ಲಿತ್ತು. ಅಮ್ಮನಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಪಟ್ಟಿ ಆರು ತಿಂಗಳು ಕ್ಯಾಲೆಂಡರಿನ ಹಿಂದೆ ಹಾಗೇ ಇತ್ತು. ಕಾಸರಗೋಡಿನಲ್ಲಿ ಇಂಥ ಓದಲಾಗದ ಚೀಟಿಗಳು ಎಷ್ಟು ಮನೆಗಳಲ್ಲಿವೆಯೋ. ಹಾಗಾಗಿ ಇದನ್ನು ನಮ್ಮ ಅಡುಗೆಮನೆಯ ಹೆಸರುಗಳಲ್ಲೇ ಬರೆಯುತ್ತಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತೂಕ ಇಳಿಸುವುದು ಮುಖ್ಯವಾಗಿ ತಟ್ಟೆಯ ಕೆಲಸ. ಇಳಿದದ್ದನ್ನು ಮತ್ತೆ ಏರದ ಹಾಗೆ ಹಿಡಿದಿಡುವುದು, ಸ್ನಾಯು ಉಳಿಸುವುದು, ಸಕ್ಕರೆ ಮತ್ತು ಬಿಪಿಯನ್ನು ಹತೋಟಿಗೆ ತರುವುದು ಕಾಲಿನ ಕೆಲಸ. ಎರಡೂ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಯಾವುದನ್ನು ಮೊದಲು ಹಿಡಿಯಬೇಕು ಅನ್ನುವುದು ನಿಮ್ಮ ತೊಂದರೆ ಏನು ಅನ್ನುವುದರ ಮೇಲೆ ನಿಂತಿದೆ.

ನಿಜವಾಗಿ ಇಳಿಸಬೇಕಾ?

ಇದನ್ನು ನೋಡದೆ ಶುರು ಮಾಡಬೇಡಿ. ನಮ್ಮ ದೇಶದವರಿಗೆ ಬಿಎಂಐ (ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ) 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ 2009ರಲ್ಲಿ ಭಾರತದ ತಜ್ಞರು ಒಮ್ಮತಕ್ಕೆ ಬಂದರು. ಬೇರೆ ಕಡೆ ಬಳಸುವ 25 ಮತ್ತು 30ರ ಗೆರೆಗಿಂತ ಇದು ಕಡಿಮೆ. ಯಾಕೆಂದರೆ ಅದೇ ತೂಕದಲ್ಲಿ ನಮ್ಮವರ ಮೈಯಲ್ಲಿ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ. 160 ಸೆಂಟಿಮೀಟರ್ ಎತ್ತರದವರಿಗೆ ಲೆಕ್ಕ ಹಾಕಿದರೆ 59 ಕಿಲೋ ಒಂದು ಗೆರೆ, 64 ಕಿಲೋ ಇನ್ನೊಂದು ಗೆರೆ.

ಸೊಂಟದ ಅಳತೆ ಇನ್ನೂ ಸುಲಭ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಅದಕ್ಕಿಂತ ಮೇಲೆ ಹೋಗಿದ್ದರೆ, ತೂಕ ಸರಿ ಇದ್ದರೂ ಹೊಟ್ಟೆಯ ಕೊಬ್ಬನ್ನು ನೋಡಿಕೊಳ್ಳಬೇಕು. ನಮ್ಮ ಕಡೆ ಕೈಕಾಲು ಸಪೂರ, ಹೊಟ್ಟೆ ಮಾತ್ರ ಮುಂದೆ ಇರುವವರು ತುಂಬ ಜನ ಇದ್ದಾರೆ, ಅಲ್ವಾ? "ನಂಗೇನು, ನಾನು ಸಪೂರ" ಅಂತ ಅವರು ಸುಮ್ನೆ ಇರುತ್ತಾರೆ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದ ದೊಡ್ಡವರಲ್ಲಿ ಸಕ್ಕರೆ ಕಾಯಿಲೆ ಇರುವವರು ನೂರಕ್ಕೆ 11ರಷ್ಟು. ಕೇರಳದಲ್ಲಿ ಅದು 25 ದಾಟಿದೆ. ನಾವು ಕನ್ನಡದಲ್ಲಿ ಮಾತಾಡಿದರೂ ಊಟ, ಚಾಯ, ಬೇಕರಿ, ಸ್ಕೂಟರು ಎಲ್ಲ ಈ ನೆಲದ್ದೇ. ಹಾಗಾಗಿ ಆ ಲೆಕ್ಕದ ಒಳಗೆ ನಾವೂ ಇದ್ದೇವೆ.

ಅಣ್ಣನ ಲೆಕ್ಕ

ಒಂದು ಕಿಲೋ ಮೈಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ. 82 ಕಿಲೋದ ಮನುಷ್ಯ ಆರು ಕಿಲೋಮೀಟರ್ ನಡೆದರೆ, ಸುಮ್ನೆ ಕೂತಿದ್ದರೂ ಖರ್ಚಾಗುತ್ತಿದ್ದದ್ದನ್ನು ಕಳೆದು, ಹೆಚ್ಚಿಗೆ ಖರ್ಚಾಗುವುದು 250 ಕ್ಯಾಲರಿ ಆಸುಪಾಸು. ವಾರಕ್ಕೆ 1,750. ಈ ಲೆಕ್ಕ ಹಾಗೇ ಉಳಿದಿದ್ದರೆ ನಾಲ್ಕು ತಿಂಗಳಲ್ಲಿ ಸುಮಾರು ನಾಲ್ಕು ಕಿಲೋ ಹೋಗಬೇಕಿತ್ತು.

ಒಂದು ಬೆಳಗ್ಗೆ ನಾನೂ ಜೊತೆಗೆ ಹೋದೆ. ಪೇಟೆ ಮುಟ್ಟುವಾಗ ಆರೂಮುಕ್ಕಾಲು. ಹೋಟೆಲಿನ ಗಾಜಿನ ಪೆಟ್ಟಿಗೆಯಲ್ಲಿ ಆಗಷ್ಟೇ ಎಣ್ಣೆಯಿಂದ ಎತ್ತಿದ ಬನ್ಸ್. ಅಣ್ಣನ ಗೆಳೆಯರು ಅಲ್ಲೇ ಬೆಂಚಿನಲ್ಲಿ ಕೂತಿದ್ದರು. ಒಂದು ಚಾಯ, ಎರಡು ಬನ್ಸ್. ಚಾಯಕ್ಕೆ ಎರಡು ಚಮಚ ಸಕ್ಕರೆ, ಅರ್ಧ ಲೋಟ ಹಾಲು, ಅಲ್ಲಿಗೆ ನೂರು ಕ್ಯಾಲರಿ. ಮೈದಾ, ಬಾಳೆಹಣ್ಣು, ಸಕ್ಕರೆ ಕಲಸಿ ಎಣ್ಣೆಯಲ್ಲಿ ಕರಿದ ಬನ್ಸ್ ಒಂದೊಂದು ಕಡಿಮೆ ಅಂದರೂ ಇನ್ನೂರು. ಒಟ್ಟು 500. ಎರಡು ದಿನದ ನಡಿಗೆ ಹತ್ತು ನಿಮಿಷದಲ್ಲಿ ವಾಪಸ್ಸು ಬಂತು. ಮನೆಗೆ ಬಂದು ಅವನು ಎಂದಿನ ಹಾಗೆ ದೋಸೆಯನ್ನೂ ತಿಂದ. ಇದು ದಿನಾ ನಡೆಯುತ್ತಿರಲಿಲ್ಲ, ವಾರಕ್ಕೆ ಎರಡು ಸಲ ಇರಬಹುದು. ನಾಲ್ಕು ಕಿಲೋ ಒಂದೂವರೆ ಆಗಲು ಅಷ್ಟೇ ಸಾಕು.

ಅವನ ತಪ್ಪು ಅಂತ ನಾನು ಹೇಳುತ್ತಿಲ್ಲ. ವ್ಯಾಯಾಮ ಮಾಡಿದ ಮೇಲೆ ಹಸಿವು ಏರುವುದು ಸಹಜ. ಬೆಳಗ್ಗೆ ನಡೆದವರು ಉಳಿದ ಹೊತ್ತು ಗೊತ್ತಿಲ್ಲದೆ ಜಾಸ್ತಿ ಕೂರುವುದೂ ಸಹಜ. ದೇಹ ಕೂಡ ತನ್ನ ಖರ್ಚನ್ನು ಸ್ವಲ್ಪ ಬಿಗಿ ಮಾಡುತ್ತದೆ. ಆಫ್ರಿಕಾದ ಟಾಂಜಾನಿಯಾದಲ್ಲಿ ಹಾಡ್ಜಾ ಎಂಬ ಬೇಟೆಗಾರ ಜನ ಇದ್ದಾರೆ. ದಿನವಿಡೀ ನಡೆಯುವವರು. ಹರ್ಮನ್ ಪಾಂಟ್ಜರ್ ಮತ್ತು ಜೊತೆಗಾರರು ಅವರ ದಿನದ ಶಕ್ತಿಯ ಖರ್ಚನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ಮೈಗಾತ್ರಕ್ಕೆ ಸರಿಹೊಂದಿಸಿ ನೋಡಿದರೆ, ಕೂತು ಕೆಲಸ ಮಾಡುವ ಅಮೆರಿಕದವರಿಗಿಂತ ಅವರ ಖರ್ಚು ಹೆಚ್ಚೇನೂ ಇರಲಿಲ್ಲ. ಇದರ ಅರ್ಥ ಏನು ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ಇದೆ. ಆದರೆ ನಡೆದಷ್ಟೂ ಮೀಟರು ಓಡುತ್ತದೆ ಅನ್ನುವ ನಮ್ಮ ನಂಬಿಕೆ ಅಷ್ಟು ಸರಳ ಅಲ್ಲ.

ಅಮ್ಮನ ಲೆಕ್ಕ

ಅಮ್ಮ ಉಪವಾಸ ಮಾಡಲಿಲ್ಲ. ಅನ್ನ ಬಿಡಲಿಲ್ಲ. ನಾನು ಅಡುಗೆಮನೆಗೆ ಒಂದು ಸಣ್ಣ ತಕ್ಕಡಿ ತಂದೆ. ಒಂದು ವಾರ ಎಲ್ಲವನ್ನೂ ತೂಗಿ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆವು.

ಮೊದಲು ತೆಂಗಿನಕಾಯಿ. ಮನೆಯಲ್ಲಿ ನಾಲ್ಕು ಜನ, ದಿನಕ್ಕೆ ಒಂದು ಕಾಯಿ. ತುರಿದು ತೂಗಿದಾಗ 280 ಗ್ರಾಂ ಬಂತು. ನೂರು ಗ್ರಾಂ ಹಸಿಕಾಯಿಯಲ್ಲಿ 350 ಕ್ಯಾಲರಿ ಇರುತ್ತದೆ, ಅದರಲ್ಲಿ ಕೊಬ್ಬೇ 33 ಗ್ರಾಂ. ಅಂದರೆ ಒಬ್ಬೊಬ್ಬರ ಪಾಲಿಗೆ 245 ಕ್ಯಾಲರಿ. ಎಣ್ಣೆ ತಿಂಗಳಿಗೆ ಮೂರು ಲೀಟರ್ ಮುಗಿಯುತ್ತಿತ್ತು. ಒಬ್ಬರಿಗೆ ದಿನಕ್ಕೆ 23 ಗ್ರಾಂ, 200 ಕ್ಯಾಲರಿ. ಎರಡೂ ಸೇರಿ ಸುಮಾರು 450. ಅಮ್ಮನ ವಯಸ್ಸಿನ, ಕೂತು ಕೆಲಸ ಮಾಡುವ ಹೆಂಗಸಿನ ದಿನದ ಅಗತ್ಯದಲ್ಲಿ ಅದು ಕಾಲುಪಾಲು. ಅನ್ನವನ್ನು ಇನ್ನೂ ತಕ್ಕಡಿಗೆ ಇಟ್ಟೇ ಇರಲಿಲ್ಲ!

ತೆಂಗು ಬಿಡಿ ಅಂತ ಕಾಸರಗೋಡಿನಲ್ಲಿ ಯಾರಿಗೆ ಹೇಳಲು ಬರುತ್ತದೆ? ನಾನೂ ಹೇಳುವುದಿಲ್ಲ. ಆದರೆ ಕಾಯಿ ಹಾಕದ ಅಡುಗೆಯೂ ನಮ್ಮದೇ. ಬೋಳುಹುಳಿ ಇದೆ, ಸಾರು ಇದೆ, ಕಾಯಿ ಕಡಿಮೆ ಹಾಕಿ ಮಜ್ಜಿಗೆ ಜಾಸ್ತಿ ಮಾಡಿದ ತಂಬುಳಿ ಇದೆ. ವಾರದಲ್ಲಿ ಮೂರು ನಾಲ್ಕು ದಿನ ಮೇಲಾರ, ಕೊದ್ದೆಲಿನ ಬದಲು ಇವು. ದಿನದ ಕಾಯಿ ಅರ್ಧ ಆಯಿತು. ಒಗ್ಗರಣೆಗೆ ಸೌಟಿನ ಬದಲು ಚಮಚ ಬಂತು, ಎಣ್ಣೆ ಎರಡು ಲೀಟರಿಗೆ ಇಳಿಯಿತು. ಸಂಜೆಯ ಹಲಸಿನ ಹಪ್ಪಳ ವಾರಕ್ಕೆರಡು ದಿನಕ್ಕೆ ನಿಂತಿತು. ಚಾಯದ ಸಕ್ಕರೆ ಹೋಯಿತು. ಇಷ್ಟರಿಂದ ದಿನಕ್ಕೆ 300 ಕ್ಯಾಲರಿ ಕಡಿಮೆ. ಹೊಟ್ಟೆ ಹಸಿದ ಹಾಗೆ ಒಂದು ದಿನವೂ ಅನಿಸಲಿಲ್ಲ ಅಂತ ಅಮ್ಮ ಹೇಳುತ್ತಾರೆ. ಊಟದ ಗಾತ್ರ ಕಡಿಮೆಯಾಗಿರಲಿಲ್ಲವಲ್ಲ.

ತಟ್ಟೆಗೂ ಕಾಲಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. 300 ಕ್ಯಾಲರಿ ತಿನ್ನದೆ ಇರಲು ಹೆಚ್ಚು ಹೊತ್ತು ಬೇಡ. ನಡೆದು ಖರ್ಚು ಮಾಡಲು ಒಂದು ಗಂಟೆಗಿಂತ ಹೆಚ್ಚು ಬೇಕು.

ಮೂರು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ

ನಮ್ಮ ಮನೆಯ ಕತೆ ಎರಡೇ ಜನರದ್ದು. ಅದನ್ನು ನಂಬಿ ಏನೂ ತೀರ್ಮಾನ ಮಾಡಬಾರದು. ಇದೇ ಪ್ರಶ್ನೆಯನ್ನು ನೇರವಾಗಿ ಪರೀಕ್ಷಿಸಿದ ಒಂದು ಒಳ್ಳೆಯ ಅಧ್ಯಯನ ಅಮೆರಿಕದ ಸಿಯಾಟಲ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾಯಿತು. ಮುಟ್ಟು ನಿಂತ 439 ಹೆಂಗಸರನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಆಹಾರ ಮಾತ್ರ, ಒಂದಕ್ಕೆ ವಾರಕ್ಕೆ ಐದು ದಿನ 45 ನಿಮಿಷದ ವ್ಯಾಯಾಮ ಮಾತ್ರ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಏನೂ ಇಲ್ಲ. ಒಂದು ವರ್ಷದ ನಂತರ ಆಹಾರದ ಗುಂಪು ತನ್ನ ತೂಕದ ಶೇಕಡ 8.5ರಷ್ಟು ಇಳಿದಿತ್ತು. ವ್ಯಾಯಾಮದ ಗುಂಪು ಶೇಕಡ 2.4. ಎರಡೂ ಮಾಡಿದವರು ಶೇಕಡ 10.8. ಏನೂ ಮಾಡದವರು ಒಂದಕ್ಕಿಂತ ಕಡಿಮೆ.

70 ಕಿಲೋದವರಿಗೆ ಇದನ್ನು ಹಾಕಿ ನೋಡಿ. ಆಹಾರದಿಂದ ಆರು ಕಿಲೋ, ವ್ಯಾಯಾಮದಿಂದ ಒಂದೂಮುಕ್ಕಾಲು, ಎರಡೂ ಸೇರಿ ಏಳೂವರೆ. ಅಣ್ಣನಿಗೆ ಇದನ್ನು ತೋರಿಸಿದಾಗ ಅವನ ಮುಖ ಸ್ವಲ್ಪ ಹಗುರಾಯಿತು. ಅವನಿಗೆ ಆದದ್ದು ಅವನೊಬ್ಬನಿಗೇ ಆದದ್ದಲ್ಲ.

ಹಾಗಾದರೆ ನಡೆಯುವುದು ದಂಡವಾ? ಖಂಡಿತ ಅಲ್ಲ. ತಕ್ಕಡಿ ಎಲ್ಲವನ್ನೂ ತೋರಿಸುವುದಿಲ್ಲ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ತಂಡ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರನ್ನು ಮೂರು ವರ್ಷ ನೋಡಿ 2006ರಲ್ಲಿ ಫಲಿತಾಂಶ ಕೊಟ್ಟಿತು. ಊಟ ತಿದ್ದಿಕೊಂಡು ದಿನಾ ನಡೆದವರ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರುವ ಅಪಾಯ ಶೇಕಡ 28.5 ಕಡಿಮೆಯಾಯಿತು. ಅವರ ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಅಂದರೆ ತೂಕ ಇಳಿಯದೆಯೂ ಒಳಗೆ ಒಳ್ಳೆಯದಾಗುತ್ತಿತ್ತು. ನಡೆಯುವ ಸ್ನಾಯು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಅದಕ್ಕೆ ತೂಕದ ಅಪ್ಪಣೆ ಬೇಡ.

ಇಳಿದ ತೂಕ ಉಳಿಸಿಕೊಳ್ಳುವುದರಲ್ಲಿ ಕಾಲಿನ ಪಾಲು ಇನ್ನೂ ದೊಡ್ಡದು. 13.6 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಇಳಿಸಿ, ಒಂದು ವರ್ಷವಾದರೂ ಹಾಗೇ ಉಳಿಸಿಕೊಂಡವರ ದಾಖಲೆಯನ್ನು ಅಮೆರಿಕದಲ್ಲಿ 1994ರಿಂದ ಇಟ್ಟುಕೊಂಡು ಬಂದಿದ್ದಾರೆ. ಅವರಲ್ಲಿ ಹೆಚ್ಚಿನವರು ದಿನಕ್ಕೆ ಸುಮಾರು ಒಂದು ಗಂಟೆ ಮೈ ಆಡಿಸುತ್ತಾರೆ.

ಸ್ನಾಯು ಉಳಿಸುವ ವಿಷಯ ವಯಸ್ಸಾದವರಿಗೆ ಅತಿ ಮುಖ್ಯ. ಬರೀ ಊಟ ಕಡಿಮೆ ಮಾಡಿ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. 65 ದಾಟಿದ 107 ಜನರ ಮೇಲೆ ಮಾಡಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಹಾರ ಮಾತ್ರ ಬದಲಿಸಿದವರೂ ಎರಡೂ ಮಾಡಿದವರೂ ಹೆಚ್ಚುಕಡಿಮೆ ಒಂದೇ ಅಷ್ಟು ಇಳಿದರು, ಶೇಕಡ ಹತ್ತರ ಹತ್ತಿರ. ಆದರೆ ಕೊಬ್ಬಲ್ಲದ ಮೈತೂಕ ಮೊದಲಿನವರಲ್ಲಿ ಶೇಕಡ 5 ಹೋಯಿತು, ಎರಡನೆಯವರಲ್ಲಿ ಶೇಕಡ 3. ಕೂತು ಏಳುವುದು, ಮೆಟ್ಟಿಲು ಹತ್ತುವುದು, ಇಂಥ ಕೆಲಸಗಳಲ್ಲೂ ಎರಡೂ ಮಾಡಿದವರೇ ಮುಂದೆ ಇದ್ದರು. ಇದನ್ನು ಓದಿದ ಮೇಲೆ ನನಗೆ ಅಮ್ಮನ ನಾಲ್ಕು ಕಿಲೋ ಬಗ್ಗೆ ಮೊದಲಿನಷ್ಟು ಖುಷಿ ಉಳಿಯಲಿಲ್ಲ. ಅದರಲ್ಲಿ ಸ್ನಾಯು ಎಷ್ಟು ಹೋಯಿತೋ ಅಂತ ಚಿಂತೆ ಆಯಿತು. ಈಗ ಅವರು ದಿನಾ ಎರಡು ಹೊತ್ತು ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುತ್ತಾರೆ. ಒಂದು ಲೀಟರಿನ ನೀರಿನ ಬಾಟಲಿ ಎರಡು ಕೈಯಲ್ಲಿ ಹಿಡಿದು ಮೇಲೆ ಎತ್ತುತ್ತಾರೆ. ಅಂಗಳದಲ್ಲಿ ಹತ್ತು ನಿಮಿಷ ಸುತ್ತು.

ತೋಟದ ಕೆಲಸದವರು ಯಾಕೆ ದಪ್ಪ ಆಗಲ್ಲ?

ಈ ಪ್ರಶ್ನೆ ನಮ್ಮ ಕಡೆ ಬಂದೇ ಬರುತ್ತದೆ. ಅಡಿಕೆ ಕೊಯ್ಯುವವರನ್ನು ನೋಡಿ. ಮರದಿಂದ ಮರಕ್ಕೆ ದಾಟುತ್ತಾ ಅರ್ಧ ದಿನ ಮೇಲೇ ಇರುತ್ತಾರೆ. ಮಧ್ಯಾಹ್ನ ರಾಶಿ ಅನ್ನ ಉಣ್ಣುತ್ತಾರೆ, ಮೈ ಮಾತ್ರ ಹುರಿಹಗ್ಗದ ಹಾಗೆ.

ಉತ್ತರ 1956ರ ಒಂದು ಅಧ್ಯಯನದಲ್ಲಿದೆ, ಅದೂ ನಮ್ಮ ದೇಶದ್ದೇ. ಜೀನ್ ಮೇಯರ್ ಮತ್ತು ಜೊತೆಗಾರರು ಪಶ್ಚಿಮ ಬಂಗಾಳದ ಸೆಣಬಿನ ಮಿಲ್ಲಿನ ಕೆಲಸಗಾರರ ಊಟ, ತೂಕ ಮತ್ತು ಶ್ರಮವನ್ನು ಹೋಲಿಸಿದರು. ಹಗುರ ಕೆಲಸದಿಂದ ಭಾರಿ ಕೆಲಸದವರೆಗೆ, ಶ್ರಮ ಹೆಚ್ಚಾದಂತೆ ಊಟವೂ ಹೆಚ್ಚಿತ್ತು, ತೂಕ ಮಾತ್ರ ಹತೋಟಿಯಲ್ಲಿತ್ತು. ಹಸಿವು ಶ್ರಮಕ್ಕೆ ಸರಿಯಾಗಿ ಹೊಂದಿಕೊಂಡಿತ್ತು. ಆದರೆ ಪೂರ್ತಿ ಕೂತೇ ಇರುವವರಲ್ಲಿ ಆ ಹೊಂದಾಣಿಕೆ ಕೆಟ್ಟಿತ್ತು. ಅವರು ಹಗುರ ಕೆಲಸದವರಿಗಿಂತ ಜಾಸ್ತಿ ಉಣ್ಣುತ್ತಿದ್ದರು, ತೂಕವೂ ಜಾಸ್ತಿ.

ನನಗೆ ಇದರಿಂದ ಎರಡು ವಿಷಯ ಕಾಣುತ್ತದೆ. ದಿನಾ ಸ್ವಲ್ಪ ಕೆಲಸ ಇದ್ದರೆ ಹಸಿವೇ ಲೆಕ್ಕ ಇಡುತ್ತದೆ. ಇನ್ನೊಂದು, ಕೊಯ್ಲು ಬಿಟ್ಟು ರಿಕ್ಷಾ ಓಡಿಸಲು ಶುರು ಮಾಡಿದವರು, ತೋಟ ಗೇಣಿಗೆ ಕೊಟ್ಟು ಜಗಲಿಯಲ್ಲಿ ಕೂತವರು, ಅಣ್ಣನ ಹಾಗೆ ಗಾಡಿಯ ಸೀಟಿನಲ್ಲಿ ಇಪ್ಪತ್ತು ವರ್ಷ ಕಳೆದವರು, ಇವರ ಶ್ರಮ ನಿಂತಿದೆ, ಅನ್ನದ ರಾಶಿ ನಿಂತಿಲ್ಲ. ಅಂಥವರು ಮೊದಲು ತಟ್ಟೆ ನೋಡಬೇಕು.

ತಟ್ಟೆಯೊಳಗಿನ ಆಯ್ಕೆಗಳು

ರಾತ್ರಿ ಅನ್ನ ಬಿಟ್ಟು ಚಪಾತಿ ಅನ್ನುವುದು ಊರಿಗೆಲ್ಲ ಹಬ್ಬಿದೆ. ಹಸಿ ಅಕ್ಕಿ ನೂರು ಗ್ರಾಂ, ಗೋಧಿಹಿಟ್ಟು ನೂರು ಗ್ರಾಂ, ಎರಡರಲ್ಲೂ 340ರಿಂದ 350 ಕ್ಯಾಲರಿ. ತೂಕದ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಚಪಾತಿಯ ನಿಜವಾದ ಲಾಭ ಅದನ್ನು ಎಣಿಸಬಹುದು ಅನ್ನುವುದು. ಎರಡು ತಿಂದೆ, ಮೂರು ತಿಂದೆ ಅಂತ ಗೊತ್ತಾಗುತ್ತದೆ. ಅನ್ನ ಎಣಿಸಲು ಆಗುವುದಿಲ್ಲ. "ಇನ್ನೊಂಚೂರು ಹಾಕ್ಲಾ?" ಅಂದಾಗ ತಲೆ ಅಲ್ಲಾಡಿಸಿದರೆ ಆಯಿತು, ಇನ್ನೂ ಒಂದು ಸೌಟು. ನಮ್ಮ ಮನೆಯ ಸೌಟಿನಲ್ಲಿ 120 ಗ್ರಾಂ ಅನ್ನ ಹಿಡಿಯುತ್ತದೆ, ಸುಮಾರು 150 ಕ್ಯಾಲರಿ. ಸೌಟು ಎಣಿಸಿ ಉಣ್ಣುವುದಾದರೆ ಅನ್ನವೇ ಇರಲಿ. ಚಪಾತಿಗೆ ಎಣ್ಣೆ ಸವರಿ, ಜೊತೆಗೆ ಗಸಿ ಹಾಕಿಕೊಂಡರೆ ಲಾಭ ಅಲ್ಲಿಗೇ ಮುಗಿಯಿತು.

ಕುಚ್ಚಲಕ್ಕಿ ಒಳ್ಳೆಯದಾ, ಬೆಳ್ತಿಗೆ ಒಳ್ಳೆಯದಾ? ಕ್ಯಾಲರಿ ಹೆಚ್ಚುಕಡಿಮೆ ಒಂದೇ. ಕುಚ್ಚಲಕ್ಕಿಯಲ್ಲಿ ಬಿ ಜೀವಸತ್ವ ಹೆಚ್ಚು ಉಳಿಯುತ್ತದೆ, ಸಕ್ಕರೆ ಸ್ವಲ್ಪ ನಿಧಾನ ಏರುತ್ತದೆ. ಸಕ್ಕರೆ ಕಾಯಿಲೆ ಇರುವವರು ಕುಚ್ಚಲಕ್ಕಿಯಲ್ಲೇ ನಿಲ್ಲಲಿ. ಆದರೆ ಅಳತೆ ಬೇಡ ಅಂತ ಅರ್ಥ ಅಲ್ಲ.

ಗಂಜಿಯ ಬಗ್ಗೆ ನನಗೆ ವಿಶೇಷ ಪ್ರೀತಿ. ಐವತ್ತು ಗ್ರಾಂ ಅಕ್ಕಿಯಲ್ಲಿ ಒಂದು ದೊಡ್ಡ ಬಟ್ಟಲು ತುಂಬುತ್ತದೆ. 175 ಕ್ಯಾಲರಿಗೆ ಹೊಟ್ಟೆ ತುಂಬಿದ ಹಾಗೆ ಆಗುತ್ತದೆ. ಒಂದೇ ತೊಂದರೆ, ಉಪ್ಪಿನಕಾಯಿ ಮಾತ್ರ ನೆಂಜಿಕೊಂಡು ಉಂಡರೆ ಎರಡು ಗಂಟೆಗೆ ಮತ್ತೆ ಹಸಿವು. ಜೊತೆಗೆ ಒಂದು ಬಟ್ಟಲು ಪಚ್ಚೆಹೆಸರಿನ ಪಲ್ಯ ಇರಲಿ. ಹೆಸರು, ಹುರುಳಿ ಇಂಥ ಕಾಳುಗಳಲ್ಲಿ ನೂರು ಗ್ರಾಮಿಗೆ 22 ಗ್ರಾಮಿನಷ್ಟು ಪ್ರೋಟೀನ್ ಇದೆ. ಹಸಿವನ್ನು ಹೆಚ್ಚು ಹೊತ್ತು ತಡೆಯುವುದೂ, ಇಳಿಯುವಾಗ ಸ್ನಾಯು ಉಳಿಸುವುದೂ ಅದೇ. ಸಸ್ಯಾಹಾರಿಗಳ ಮನೆಯ ಊಟದಲ್ಲಿ ಅನ್ನ, ಹುಳಿ, ಮಜ್ಜಿಗೆ ಎಲ್ಲ ಇದ್ದು ಪ್ರೋಟೀನ್ ಕಡಿಮೆ ಬೀಳುತ್ತದೆ. ಹುರುಳಿ ಸಾರು ವಾರಕ್ಕೆ ಎರಡು ಸಲ ಬರಲಿ, ಗಟ್ಟಿಯಾಗಿ, ಕಾಳಿನ ಸಮೇತ.

ಮೀನು ತಿನ್ನುವವರಿಗೆ ದಾರಿ ಇನ್ನೂ ಸುಲಭ. ಬಂಗುಡೆ, ಬೂತಾಯಿ ಎರಡೂ ಒಳ್ಳೆಯ ಮೀನು. ಪುಳಿಮುಂಚಿ ಮಾಡಿದರೆ ಒಂದು ಲೆಕ್ಕ, ರವೆ ಮೆತ್ತಿ ಎಣ್ಣೆಯಲ್ಲಿ ಕಾಯಿಸಿದರೆ ಇನ್ನೊಂದು.

ಪೇಟೆಯ ತಿಂಡಿಗೆ ಬಂದರೆ ನಾನು ಕಟ್ಟುನಿಟ್ಟು. ಒಂದು ಪರೋಟ 250ರಿಂದ 300. ಬಾಳೆಕಾಯಿ ಚಿಪ್ಸ್ ನೂರು ಗ್ರಾಮಿಗೆ 500 ದಾಟುತ್ತದೆ. ಅವಿಲ್ ಮಿಲ್ಕ್ ಕುಡಿಯುವ ವಸ್ತು ಅಂತ ಅನಿಸುತ್ತದೆ, ಆದರೆ ಹಾಲು, ಬಾಳೆಹಣ್ಣು, ಅವಲಕ್ಕಿ, ಸಕ್ಕರೆ, ನೆಲಗಡಲೆ ಎಲ್ಲ ಇರುವ ಆ ಲೋಟ ಒಂದು ಹೊತ್ತಿನ ಊಟಕ್ಕೆ ಸಮ. ಅದನ್ನು ಊಟದ ಬದಲು ಕುಡಿಯಿರಿ, ಊಟದ ಮೇಲೆ ಬೇಡ. ಬೇಕರಿಯ ಪ್ಯಾಕೆಟ್ ತಿಂಡಿಗಳ ಬಗ್ಗೆ ಒಂದು ಮಾತು. 2019ರಲ್ಲಿ ಕೆವಿನ್ ಹಾಲ್ ಮತ್ತು ತಂಡ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿ, ಎರಡು ವಾರ ಕಾರ್ಖಾನೆಯ ತಿಂಡಿ, ಎರಡು ವಾರ ಮಾಮೂಲಿ ಅಡುಗೆ ಕೊಟ್ಟರು. ಎಷ್ಟು ಬೇಕಾದರೂ ತಿನ್ನಿ ಅಂತ ಬಿಟ್ಟರು. ಕಾರ್ಖಾನೆಯ ತಿಂಡಿ ಸಿಕ್ಕಿದಾಗ ದಿನಕ್ಕೆ 500 ಕ್ಯಾಲರಿಯಷ್ಟು ಜಾಸ್ತಿ ತಿಂದರು. ಮನಸ್ಸು ಗಟ್ಟಿ ಇಲ್ಲ ಅಂತ ನಮ್ಮನ್ನು ನಾವೇ ಬೈದುಕೊಳ್ಳುವ ಮೊದಲು ಆ ಪ್ಯಾಕೆಟನ್ನು ಮನೆಗೆ ತರುವುದು ನಿಲ್ಲಿಸೋಣ.

ಮಧೂರಿನ ಅಪ್ಪ ಪ್ರಸಾದವನ್ನು ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ವರ್ಷಕ್ಕೆ ಕೆಲವು ಸಲ ತಿನ್ನುವುದರಿಂದ ಯಾರೂ ದಪ್ಪ ಆಗಿಲ್ಲ. ದಿನಾ ಸಂಜೆ ನಾಲ್ಕೂವರೆಗೆ ತಿನ್ನುವುದರಿಂದ ಆಗಿದ್ದಾರೆ.

ಹೊತ್ತು ನೋಡಿ ಉಣ್ಣುವುದು, ಅಂದರೆ ದಿನದ ಎಂಟು ಗಂಟೆಯೊಳಗೆ ಊಟ ಮುಗಿಸುವುದು, ಈಗ ತುಂಬ ಜನ ಮಾಡುತ್ತಾರೆ. ಚೀನಾದಲ್ಲಿ 139 ಜನರ ಮೇಲೆ ಒಂದು ವರ್ಷ ಮಾಡಿದ ಅಧ್ಯಯನ 2022ರಲ್ಲಿ ಬಂತು. ಕ್ಯಾಲರಿ ಕಡಿಮೆ ಮಾಡಿದವರಿಗೂ, ಅದರ ಜೊತೆ ಹೊತ್ತಿನ ನಿಯಮ ಪಾಲಿಸಿದವರಿಗೂ ಗಟ್ಟಿಯಾದ ವ್ಯತ್ಯಾಸ ಸಿಗಲಿಲ್ಲ. ನಿಮಗೆ ಅದು ಸುಲಭ ಅನಿಸಿದರೆ ಮಾಡಿ. ಆದರೆ ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ದಯವಿಟ್ಟು ಮಾಡಬೇಡಿ. ನಮ್ಮ ಚಿಕ್ಕಮ್ಮ ರಾತ್ರಿಯ ಮಾತ್ರೆ ನುಂಗಿ ಊಟ ಬಿಟ್ಟರು. ಬೆಳಗ್ಗಿನ ಜಾವ ಮೈಯೆಲ್ಲ ಬೆವತು, ಮಾತು ತೊದಲಿ, ಬಚ್ಚಲಿನ ಬಾಗಿಲಲ್ಲಿ ಕುಸಿದರು. ಬೆಲ್ಲದ ನೀರು ಕುಡಿಸಿ ಎಬ್ಬಿಸಿದ್ದು ನಾನೇ. ಆ ಕೈಗಳ ತಣ್ಣಗಿನ ಬೆವರು ಇನ್ನೂ ನೆನಪಿದೆ.

ಯಾವ ನಡಿಗೆ, ಎಷ್ಟು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಅಳತೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ. ಮಧ್ಯಮ ಅಂದರೆ ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ, ಅಷ್ಟು. ಕಾಸರಗೋಡು ಪೇಟೆಯಿಂದ ಮಧೂರಿಗೆ ಎಂಟು ಕಿಲೋಮೀಟರ್ ದಾರಿ. 70 ಕಿಲೋದವರು ನಡೆದರೆ ಹೆಚ್ಚಿಗೆ ಖರ್ಚಾಗುವುದು 280 ಕ್ಯಾಲರಿ ಆಸುಪಾಸು.

ಜಿಮ್ಮಾ, ನಡಿಗೆಯಾ ಅಂತ ಕೇಳುವವರಿಗೆ ನನ್ನ ಉತ್ತರ ಬೇರೆ. ನಮ್ಮಲ್ಲಿ ನಡಿಗೆಗೆ ದೊಡ್ಡ ಅಡ್ಡಿ ಮಳೆ. ಜೂನಿನಿಂದ ಸೆಪ್ಟೆಂಬರಿನ ತನಕ ಬೆಳಗ್ಗಿನ ನಡಿಗೆ ಅರ್ಧಕ್ಕರ್ಧ ನಿಲ್ಲುತ್ತದೆ. ಅದೇ ಹೊತ್ತಿಗೆ ಆಟಿಯ ತಿಂಡಿಗಳು, ಪತ್ರೊಡೆ, ಹುರಿದ ಹಲಸಿನ ಬೀಜ, ಡಬ್ಬದಲ್ಲಿ ಹಪ್ಪಳ. ವರ್ಷವಿಡೀ ಇಳಿಸಿದ್ದು ಆ ನಾಲ್ಕು ತಿಂಗಳಲ್ಲಿ ವಾಪಸ್ಸು ಬರುತ್ತದೆ. ಹಾಗಾಗಿ ಮಳೆಗಾಲಕ್ಕೆ ಒಳಗೆ ಮಾಡುವ ಒಂದು ಕೆಲಸ ಮೊದಲೇ ಗೊತ್ತು ಮಾಡಿಕೊಳ್ಳಿ. ಹತ್ತಿರ ಜಿಮ್ ಇದ್ದರೆ ಆ ನಾಲ್ಕು ತಿಂಗಳಿಗೆ ಸೇರಬಹುದು. ಇಲ್ಲದಿದ್ದರೆ ಜಗಲಿಯ ಮೆಟ್ಟಿಲು ಹತ್ತಿ ಇಳಿಯುವುದು, ಗೋಡೆಗೆ ಕೈ ಊರಿ ದಂಡ, ಸೂರ್ಯನಮಸ್ಕಾರ. ಯಕ್ಷಗಾನದ ಹೆಜ್ಜೆ ಕಲಿತವರಿದ್ದರೆ ಅರ್ಧ ಗಂಟೆ ಕುಣಿದರೂ ಆಯಿತು. ತೆಂಕುತಿಟ್ಟಿನ ಧೀಂಗಿಣ ಹಾಕಿ ನೋಡಿದವರಿಗೆ ಗೊತ್ತು ಅದರಲ್ಲಿ ಎಂಥ ಶ್ರಮ ಇದೆ ಅಂತ.

ಯಾರು ಯಾವುದರಿಂದ ಶುರು ಮಾಡಬೇಕು

ತೂಕ ತುಂಬ ಜಾಸ್ತಿ, ಗಂಟು ನೋವು ಇರುವವರು ತಟ್ಟೆಯಿಂದ. ಕಾಲಿಗೆ ಹೊರೆ ಇಳಿದ ಮೇಲೆ ನಡಿಗೆ ತಾನೇ ಸುಲಭವಾಗುತ್ತದೆ. ತೂಕ ಹೆಚ್ಚೇನೂ ಇಲ್ಲ, ಹೊಟ್ಟೆ ಇದೆ, ಸಕ್ಕರೆ ಅಂಚಿನಲ್ಲಿದೆ ಅನ್ನುವವರು ಕಾಲಿನಿಂದ, ಊಟವಾದ ಮೇಲೆ ಹತ್ತು ಹದಿನೈದು ನಿಮಿಷದ ನಡಿಗೆಯಿಂದಲೇ. 65 ದಾಟಿದವರು ಯಾವ ಕಾರಣಕ್ಕೂ ಬರೀ ಊಟ ಕಡಿಮೆ ಮಾಡಿ ಕೂರಬಾರದು. ಈಗಾಗಲೇ ಇಳಿಸಿದವರು ನಡಿಗೆ ಬಿಡಬಾರದು. ಬಸುರಿ, ಬಾಣಂತಿಯರು ತೂಕ ಇಳಿಸುವ ಯೋಚನೆಯನ್ನು ವೈದ್ಯರ ಜೊತೆ ಮಾತಾಡದೆ ಮಾಡಬಾರದು. ಕಾರಣ ಇಲ್ಲದೆ ಬೇಗಬೇಗ ತೂಕ ಏರುತ್ತಿದ್ದರೆ, ಅಥವಾ ಏನೂ ಮಾಡದೆ ಇಳಿಯುತ್ತಿದ್ದರೆ, ಮೊದಲು ರಕ್ತ ಪರೀಕ್ಷೆ. ಥೈರಾಯ್ಡ್ ಇರಬಹುದು, ತೆಗೆದುಕೊಳ್ಳುತ್ತಿರುವ ಯಾವುದೋ ಮದ್ದಿನಿಂದಲೂ ಇರಬಹುದು.

ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಮೊದಲ ವಾರ ಎರಡು ಕಿಲೋ ಇಳಿದರೆ ಅದರಲ್ಲಿ ನೀರೇ ಜಾಸ್ತಿ, ನಂಬಿ ಹಿಗ್ಗಬೇಡಿ. ವಾರಕ್ಕೊಮ್ಮೆ, ಒಂದೇ ದಿನ, ಬೆಳಗ್ಗೆ ಎದ್ದ ಕೂಡಲೇ ತೂಗಿ. ತಿಂಗಳಿಗೊಮ್ಮೆ ಟೇಪು ಹಿಡಿದು ಸೊಂಟ ಅಳೆಯಿರಿ.

ಅಣ್ಣನ ಸೊಂಟವನ್ನು ನಾವು ಅಳೆದದ್ದು ಅವನು ಬೇಜಾರು ಮಾಡಿಕೊಂಡ ಆ ದಿನವೇ. ಊರಿಗೆ ಬಂದ ವಾರ ದರ್ಜಿಯ ಹತ್ತಿರ ಪ್ಯಾಂಟು ಹೊಲಿಸಿದ್ದ, ಅಳತೆಯ ಚೀಟಿ ಕಿಸೆಯಲ್ಲೇ ಇತ್ತು. ಆಗ 101 ಸೆಂಟಿಮೀಟರ್. ಈಗ 97. ತೂಕ ಒಂದೂವರೆ ಕಿಲೋ ಅಷ್ಟೇ ಇಳಿದಿದ್ದರೂ ಹೊಟ್ಟೆಯಿಂದ ನಾಲ್ಕು ಸೆಂಟಿಮೀಟರ್ ಹೋಗಿತ್ತು. ಅವನು ಟೇಪನ್ನು ಎರಡು ಸಲ ಕೇಳಿ ತೆಗೆದುಕೊಂಡು ತಾನೇ ಅಳೆದ. ಮರುದಿನವೂ ಪೇಟೆಗೆ ನಡೆದ, ಅದೇ ಬೆಂಚಿನಲ್ಲಿ ಕೂತ, ಸಕ್ಕರೆ ಹಾಕದ ಚಾಯ ಒಂದೇ ಕುಡಿದು ವಾಪಸ್ಸು ಬಂದ.